ಬೆಳೆಗೆ ತಕ್ಕ ಕೂರಿಗೆ, ಕೈಗೆ ತಕ್ಕ ಫೋನು
(ಗ್ರಾಮಸೇವಕರೊಬ್ಬರ ಭಾಷಣ)



ಒಂದೇ ಅಳತೆಯ ಕೂರಿಗೆ ಎಲ್ಲ ಬೆಳೆಗೂ ಒಗ್ಗುವುದಿಲ್ಲ. ಸಾಲಿನಿಂದ ಸಾಲಿಗೆ ಜೋಳಕ್ಕೆ ಸುಮಾರು 45 ಸೆಂಟಿಮೀಟರ್, ಶೇಂಗಾಕ್ಕೆ 30 ಬೇಕು. ತಾಳುಗಳ ಅಂತರವನ್ನು ಊರಿನ ಬಡಿಗರೇ ಸರಿಮಾಡಿ ಕೊಡುತ್ತಾರೆ. ಬಹು ಜನ ಆಂಡ್ರಾಯ್ಡ್ ಫೋನನ್ನು ಮೆಚ್ಚುವುದೂ ಇಂಥದೇ ಕಾರಣಕ್ಕೆ.

ಆಂಡ್ರಾಯ್ಡ್ ಎಂಬುದು ಫೋನನ್ನು ನಡೆಸುವ ವ್ಯವಸ್ಥೆ. ಇದರ ಮೊದಲ ಫೋನು 2008ರಲ್ಲಿ ಪೇಟೆಗೆ ಬಂದಿತು. ಫೋನು ಹೇಗೆ ನಡೆಯಬೇಕೆಂಬ ಆಜ್ಞೆಗಳ ಮೂಲ ಬರಹವನ್ನು ಗೂಗಲ್ ಕಂಪನಿಯು ಎಲ್ಲರಿಗೂ ತೆರೆದಿಟ್ಟಿದೆ. ಯಾವ ತಯಾರಕರಾದರೂ ಅದನ್ನು ಬಳಸಬಹುದು. ಆದುದರಿಂದಲೇ ಸಣ್ಣ ಹಿಡುವಳಿದಾರರಿಗೆ ಎಟುಕುವ ಬೆಲೆಯ ಫೋನುಗಳೂ ಇವೆ. ಐಫೋನಿನ ವ್ಯವಸ್ಥೆಯಾದರೋ ಆಪಲ್ ಕಂಪನಿಯ ಫೋನುಗಳಿಗೆ ಮಾತ್ರ ಮೀಸಲು.

ಬೇರೆಯವರು ತಯಾರಿಸಿದ ಕೀಲಿಮಣೆಯನ್ನು ಹಾಕಿಕೊಳ್ಳಲು ಆಂಡ್ರಾಯ್ಡ್‌ನಲ್ಲಿ 2009ರಿಂದಲೇ ಅವಕಾಶವಿದೆ. ಐಫೋನಿನಲ್ಲಿ ಇದಕ್ಕೆ 2014ರವರೆಗೆ ಕಾಯಬೇಕಾಯಿತು. ಕನ್ನಡ ಬರೆಯಲು ಇಂದು ಹಲವು ಕೀಲಿಮಣೆಗಳಿವೆ; ತಮಗೆ ಒಗ್ಗಿದ್ದನ್ನು ಆರಿಸಿಕೊಳ್ಳಿರಿ. ಕಣ್ಣು ಮಂಜಾದ ಹಿರಿಯರಿಗಾಗಿ ಫೋನಿನ ಮುಖವನ್ನೇ ಬದಲಿಸಿ, ನಾಲ್ಕೈದು ದೊಡ್ಡ ಗುಂಡಿಗಳನ್ನಷ್ಟೇ ಇಡಬಹುದು.

ಆದರೆ ತೆರೆದ ಹೊಲಕ್ಕೆ ಬೇಲಿ ಬೇಕು. ಈ ಫೋನಿಗೆ ಪ್ಲೇ ಸ್ಟೋರಿನ ಹೊರಗಿನಿಂದಲೂ ಆ್ಯಪ್ ಹಾಕಬಹುದು. ಕಳ್ಳರು ನುಗ್ಗುವುದೂ ಅದೇ ದಾರಿಯಿಂದ. ಸಹಾಯಧನ, ಸಾಲ ಮನ್ನಾ ಎಂದು ವಾಟ್ಸಾಪಿಗೆ ಬರುವ ಎಪಿಕೆ ಕಡತವನ್ನು ಒತ್ತಬೇಡಿರಿ. ಒತ್ತಿದರೆ ಬೆಳೆ ಮಾರಿದ ಹಣವೆಲ್ಲ ಹೋದೀತು. ಹಾಗೇನಾದರೂ ಆದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಿರಿ, ಬ್ಯಾಂಕಿಗೂ ತಿಳಿಸಿರಿ.

ಬೀಜವನ್ನು ನೋಡಿ ಬಿತ್ತುವ ನೀವು ಆ್ಯಪನ್ನೂ ನೋಡಿಯೇ ಹಾಕಿಕೊಳ್ಳಿರಿ.