ಡಂಬಳದ ಶೆಟ್ಟರೂ ನಮ್ಮ ಪೇಟೆಗಳೂ
(ಮುಂಡರಗಿಯ ನಾಗರಿಕರ ಮುಂದೆ ಮಾಡಿದ ಭಾಷಣ)



ಗದಗಿನಿಂದ ಮುಂಡರಗಿಗೆ ಬರುವ ಹಾದಿಯಲ್ಲಿ ಡಂಬಳವಿರುವದು. ನಾವು ಅದನ್ನು ದಿನವೂ ದಾಟಿ ಹೋಗುವೆವು. ನಿಂತು ನೋಡುವವರು ವಿರಳ. ಧರ್ಮವೊಳಲೆಂದು ಹೆಸರಾಗಿದ್ದ ಕಾಲಕ್ಕೆ ಅದು ವರ್ತಕರ ಪಟ್ಟಣವಾಗಿದ್ದಿತು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ, ಕ್ರಿ.ಶ. 1095ರಲ್ಲಿ ಹುಟ್ಟಿದ ಶಾಸನವೊಂದು ಅಲ್ಲಿ ದೊರೆತಿರುವದು. ಅದು ಸಾರುವದು ರಣರಂಗದ ಜಯವನ್ನಲ್ಲ, ಎರಡು ಬೌದ್ಧ ವಿಹಾರಗಳಿಗೆ ಸಂದ ದತ್ತಿಯನ್ನು. ಒಂದನ್ನು ಆ ಊರಿನ ಹದಿನಾರು ಮಂದಿ ಶೆಟ್ಟರು ಕೂಡಿ ಕಟ್ಟಿಸಿದ್ದರು. ಆರ್ಯತಾರಾದೇವಿಯ ಇನ್ನೊಂದು ವಿಹಾರವನ್ನು ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಶೆಟ್ಟಿ ಸಂಗವಯ್ಯನು ಕಟ್ಟಿಸಿದ್ದನು.

ಇದರ ಮರ್ಮವನ್ನು ನಾವು ತಿಳಿಯಬೇಕು. ಒಂದೇ ಪೇಟೆಯಲ್ಲಿ ಎದುರುಬದುರು ಕುಳಿತು ಲಾಭಕ್ಕಾಗಿ ಸ್ಪರ್ಧಿಸುವ ಹದಿನಾರು ಮಂದಿ ಒಂದು ಕಟ್ಟಡಕ್ಕಾಗಿ ಗಂಟು ಬಿಚ್ಚಿದರು. ನೆರೆಯೂರಿನವನು ಇದು ತನ್ನ ಊರಲ್ಲವೆಂದು ಕೈ ಹಿಂದೆಗೆಯಲಿಲ್ಲ. ವ್ಯಾಪಾರವು ಊರಿಗೆ ಋಣಿಯೆಂಬ ಭಾವನೆಯೇ ಅಲ್ಲಿ ಕಲ್ಲಾಗಿ ನಿಂತಿತು.

ಅಂಥ ಊರಿನ ಶಿಲ್ಪವೂ ಸಾಮಾನ್ಯವಲ್ಲ. ಹನ್ನೆರಡನೆಯ ಶತಮಾನದ ದೊಡ್ಡಬಸಪ್ಪನ ಗುಡಿಯನ್ನು ನೋಡಿರಿ. ಒಂದು ಚೌಕವನ್ನು ನಡುಬಿಂದುವಿನ ಸುತ್ತ ಮತ್ತೆ ಮತ್ತೆ ತಿರುಗಿಸಿದಂತೆ, ಅದರ ಗರ್ಭಗೃಹದ ಹೊರಗೋಡೆಯು 24 ಮೂಲೆಗಳ ನಕ್ಷತ್ರವಾಗಿರುವದು. ದೂರದಿಂದ ದುಂಡಗೆ ತೋರುವ ಗೋಡೆಯು ಹತ್ತಿರ ಬಂದಂತೆ ಮೂಲೆಮೂಲೆಯಾಗಿ ಬಿಚ್ಚಿಕೊಳ್ಳುವದು. ಕ್ಷೇತ್ರಗಣಿತವನ್ನು ಕಲಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ಕರಿಹಲಗೆ ಬೇಕೆ?

ಗುಡಿಯಾದರೋ ಪೂಜೆಯ ಬಲದಿಂದ ಉಳಿಯುವದು. ಪೇಟೆಯ ಕಟ್ಟಡಕ್ಕೆ ಆ ಆಸರೆಯಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವನ್ನು ನೆನೆಯಿರಿ. 1892ರಲ್ಲಿ ಎದ್ದ ಆ ಅಂಗಡಿಸಾಲಿನ ಒಂದು ಭಾಗವು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಅಸುನೀಗಿದರು. ಹಳೆಯದೆಂಬ ಅಭಿಮಾನವು ಗೋಡೆಯನ್ನು ಎತ್ತಿ ಹಿಡಿಯಲಾರದು. ಕಾಲಕಾಲಕ್ಕೆ ಮಾಡಿದ ದುರಸ್ತಿಯೇ ಹಿಡಿಯುವದು.

ನಮ್ಮ ಪೇಟೆಗಳಲ್ಲಿಯೂ ಮರದ ಕಂಬ, ಕಲ್ಲಿನ ಕಟ್ಟೆ, ಮಣ್ಣಿನ ಮಾಳಿಗೆಗಳ ಹಳೆಯ ಅಂಗಡಿಗಳುಂಟು. ಕೆಡವುವದು ಒಂದು ದಿನದ ಕೆಲಸ, ಕಟ್ಟುವದು ಒಂದು ತಲೆಮಾರಿನದು. ಆದುದರಿಂದ ಉಪಾಧ್ಯಾಯರು ವಿದ್ಯಾರ್ಥಿಗಳನ್ನು ಕರೆದೊಯ್ದು ಅವುಗಳ ಅಳತೆ, ನಕ್ಷೆ, ಚಿತ್ರಗಳನ್ನು ಬರೆದಿಡಲಿ. ಯಜಮಾನರು ಮಳೆಗಾಲಕ್ಕೆ ಮೊದಲು ಮಾಳಿಗೆ, ತೊಲೆಗಳನ್ನು ನೋಡಿಸಲಿ. ಒಬ್ಬನಿಗೆ ಆ ವೆಚ್ಚವು ಹೊರೆಯಾದರೆ ಪೇಟೆಯೇ ಕೂಡಿ ಹೊರಲಿ. ಹದಿನಾರು ಮಂದಿ ಕೂಡಿದ ನಾಡು ನಮ್ಮದು. ಹದಿನೇಳನೆಯವರಾಗಲು ನಾವು ಹಿಂಜರಿಯಬಾರದು.