ಮನೆಗೆ ಗಾಳಿ ಮಿಷನ್ ತರುವ ಮುಂಚೆ



ನಮ್ಮ ಗುಂಡ್ಲುಪೇಟೆ ದಾರಿಗಳು ಕೂಡುವ ಊರು. ಮೈಸೂರಿನಿಂದ ಬಂದ ದಾರಿ ಇಲ್ಲಿ ಕವಲಾಗುತ್ತದೆ. ಒಂದು ಬಂಡೀಪುರ ದಾಟಿ ಊಟಿಗೆ ಹೋಗುತ್ತದೆ. ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. ಚಾಮರಾಜನಗರದಿಂದ ತಮಿಳುನಾಡಿನ ಸತ್ಯಮಂಗಲಕ್ಕೂ ದಾರಿ ಉಂಟು. 2009ರಿಂದ ಬಂಡೀಪುರದ ಕಾಡು ದಾರಿ ರಾತ್ರಿ 9 ಗಂಟೆಗೆ ಮುಚ್ಚುತ್ತದೆ. ಅಷ್ಟರೊಳಗೆ ಕಾಡು ದಾಟಬೇಕು ಅಂತ ಗಾಡಿಯವರಿಗೆ ಅವಸರ. ಗಾಡಿ ಓಡುವ ಕಡೆ ಪಂಚರ್ ಇದ್ದೇ ಇರುತ್ತದೆ.

ಅದಕ್ಕೇ ನಮ್ಮ ಮನೆಯ ಮಕ್ಕಳು ಮನೆ ಮುಂದೆ ಶೀಟು ಹಾಕಿ ಪಂಚರ್ ಅಂಗಡಿ ಇಡುತ್ತಾರೆ. "ಅವ್ವಾ, ಗಾಳಿ ಮಿಷನ್ ತರ್ತೀನಿ, ಸಂಘದಲ್ಲಿ ಸಾಲ ಎತ್ತಿಕೊಡು" ಅಂತಾರೆ. ಸಾಲ ನಿಮ್ಮ ಹೆಸರಲ್ಲಿ. ಮಿಷನ್ ನಿಮ್ಮ ಜಗಲಿಯಲ್ಲಿ. ಹಾಗಾದರೆ ಅದರ ವಿಷಯ ನಿಮಗೂ ಗೊತ್ತಿರಬೇಕಲ್ಲವೇ?

ಗಾಳಿ ಮಿಷನ್ ಅಂದರೇನು?

ಇದಕ್ಕೆ ಕಂಪ್ರೆಸರ್ ಎಂದು ಹೆಸರು. ಮೋಟಾರು ತಿರುಗುತ್ತದೆ. ಬೆಲ್ಟು ಪಂಪನ್ನು ತಿರುಗಿಸುತ್ತದೆ. ಪಂಪು ಹೊರಗಿನ ಗಾಳಿಯನ್ನು ಎಳೆದು ಕಬ್ಬಿಣದ ಟ್ಯಾಂಕಿಗೆ ಒತ್ತಿ ತುಂಬುತ್ತದೆ. ಟ್ಯಾಂಕು ತುಂಬಿದರೆ ಮೋಟಾರು ತಾನೇ ನಿಲ್ಲುತ್ತದೆ. ನಿಲ್ಲದೇ ಹೋದರೆ? ಆಗ ಸೇಫ್ಟಿ ವಾಲ್ವು ತೆರೆದು ಗಾಳಿಯನ್ನು ಹೊರಗೆ ಬಿಡುತ್ತದೆ. ನಿಮ್ಮ ಕುಕ್ಕರಿನಲ್ಲೂ ಇಂಥದೇ ಒಂದು ವಾಲ್ವು ಇದೆ. ಅದನ್ನು ಮುಚ್ಚಿದರೆ ಕುಕ್ಕರ್ ಸಿಡಿಯುತ್ತದೆ. ಇದನ್ನು ಮುಚ್ಚಿದರೆ ಟ್ಯಾಂಕು ಸಿಡಿಯುತ್ತದೆ. ಗಾಳಿ ಸೋರುತ್ತದೆ ಅಂತ ಸೇಫ್ಟಿ ವಾಲ್ವಿಗೆ ತಂತಿ ಕಟ್ಟಲು, ಬಿರಡೆ ಹಾಕಲು ಯಾರನ್ನೂ ಬಿಡಬೇಡಿ.

ಎಲ್ಲಿ ಇಡಬೇಕು?

ಮಲಗುವ ಕೋಣೆಯ ಗೋಡೆಗೆ ತಾಗಿಸಬೇಡಿ. ಒಲೆಯ ಹತ್ತಿರ ಬೇಡ. ಪೆಟ್ರೋಲು, ಬಣ್ಣ, ಹುಲ್ಲು ಇಟ್ಟ ಕಡೆ ಬೇಡ. ಮಳೆನೀರು ಬೀಳದ, ಗಾಳಿ ಆಡುವ ಜಾಗ ಬೇಕು. ನೆಲ ಸಮವಾಗಿರಬೇಕು. ಸಿಮೆಂಟು ಹಾಸಿ, ಕಾಲುಗಳ ಕೆಳಗೆ ರಬ್ಬರ್ ಕೊಡಿ. ಮಿಷನ್ ಅದುರುವುದು ಕಡಿಮೆಯಾಗುತ್ತದೆ. ಗೋಡೆಗೂ ಮಿಷನ್ನಿಗೂ ಮಧ್ಯೆ ಒಂದೂವರೆ ಅಡಿಯಾದರೂ ಜಾಗ ಬಿಡಿ. ಬೆಲ್ಟಿಗೆ ಜಾಲರಿ ಇರಲೇಬೇಕು. ಸೀರೆ ಸೆರಗು, ಜಡೆ, ಮಗುವಿನ ಕೈ, ಯಾವುದು ಸಿಕ್ಕಿದರೂ ಬೆಲ್ಟು ಬಿಡುವುದಿಲ್ಲ.

ಕರೆಂಟಿನ ಲೆಕ್ಕ

2 ಎಚ್.ಪಿ. ಮೋಟಾರು ಒಂದು ಗಂಟೆ ಓಡಿದರೆ ಸುಮಾರು ಒಂದೂವರೆ ಯೂನಿಟ್ ಬೇಕು. ದಿನಕ್ಕೆ 4 ಗಂಟೆ ಓಡಿದರೆ 6 ಯೂನಿಟ್. ತಿಂಗಳಿಗೆ 180 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ. ಅಂಗಡಿಗೆ ಅದು ಸಲ್ಲದು. ಆದ್ದರಿಂದ ಮೊದಲೇ ಚಾಮುಂಡೇಶ್ವರಿ ವಿದ್ಯುತ್ ನಿಗಮದ ಕಚೇರಿಗೆ ಹೋಗಿ ಕೇಳಿ. ಎಷ್ಟು ಲೋಡು, ಯಾವ ಮೀಟರು ಅಂತ ಬರೆಸಿಕೊಳ್ಳಿ.

ವೈರಿಂಗನ್ನು ಬಲ್ಲವರಿಂದಲೇ ಮಾಡಿಸಿ. ದಪ್ಪ ವೈರು ಬೇಕು. ಅರ್ಥಿಂಗ್ ಬೇಕು. ತಪ್ಪಾದಾಗ ಕರೆಂಟು ಕಡಿಯುವ ಸ್ವಿಚ್ಚೂ ಬೇಕು. ಪಂಚರ್ ನೋಡುವ ತೊಟ್ಟಿಯ ನೀರು ನೆಲಕ್ಕೆ ಚೆಲ್ಲುತ್ತಲೇ ಇರುತ್ತದೆ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬಾರದು.

ಮುಳ್ಳು ಓದಿ

ಟ್ಯಾಂಕಿನ ಮೇಲೆ ಗಡಿಯಾರದ ಹಾಗೆ ಒಂದು ಮೀಟರು ಇರುತ್ತದೆ. ಅದರಲ್ಲಿ ಹೆಚ್ಚಾಗಿ ಎರಡು ಸಾಲು ಅಂಕಿಗಳಿರುತ್ತವೆ. ಒಂದು ಸಾಲು ಕಿಲೋ, ಇನ್ನೊಂದು ಪೌಂಡು. 1 ಕಿಲೋ ಅಂದರೆ ಸುಮಾರು 14 ಪೌಂಡು. ಬೈಕಿನ ಚಕ್ರಕ್ಕೆ ಸುಮಾರು 25ರಿಂದ 35 ಪೌಂಡು ಸಾಕು. ಟ್ಯಾಂಕಿನಲ್ಲಿ 8 ಕಿಲೋ ಇದ್ದರೆ ಅದು 112 ಪೌಂಡಿಗೂ ಹೆಚ್ಚು! ನೋಡದೆ ಬಿಟ್ಟರೆ ಬೈಕಿನ ಟೈರು ಒಡೆದೀತು.

ಟ್ಯಾಂಕಿಗೆ ಒಂದು ತಗಡಿನ ಚೀಟಿ ಬಡಿದಿರುತ್ತಾರೆ. ಎಷ್ಟು ಒತ್ತಡ ತಡೆಯುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಮುಳ್ಳು ಆ ಅಂಕಿ ದಾಟಬಾರದು. ದಾಟಿದರೆ ಸ್ವಿಚ್ ಆರಿಸಿ, ದೂರ ಹೋಗಿ. ಬಸ್ಸಿನ ನಂಬರ್ ಓದಲು ನೀವು ಕಲಿತಿದ್ದೀರಿ. ಅವೇ ಅಂಕಿಗಳು ಇಲ್ಲಿಯೂ ಇವೆ. ಇಲ್ಲಿ ಅವು ಜೀವ ಉಳಿಸುತ್ತವೆ.

ದಿನದ ಕೆಲಸ

ಗಾಳಿಯಲ್ಲಿರುವ ತೇವ ಟ್ಯಾಂಕಿನ ಒಳಗೆ ನೀರಾಗುತ್ತದೆ. ನೀರು ನಿಂತರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗೆ ತಗಡು ತೆಳ್ಳಗಾಗುತ್ತದೆ. ಆದ್ದರಿಂದ ದಿನಾ ಸಂಜೆ ಮಿಷನ್ ಆರಿಸಿ, ಟ್ಯಾಂಕಿನ ಕೆಳಗಿನ ನಲ್ಲಿಯನ್ನು ಮೆಲ್ಲಗೆ ತಿರುಗಿಸಿ ನೀರು ಬಿಡಬೇಕು. ಎಣ್ಣೆ ಗುರುತಿನವರೆಗೆ ಇದೆಯೇ ನೋಡಬೇಕು. ತುಕ್ಕು ತಿಂದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿಸಬೇಡಿ. ಅಗ್ಗ ಅಂತ ಹಳೆಯ ಟ್ಯಾಂಕನ್ನು ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ.

ಗಾಳಿ ಆಟದ ಸಾಮಾನಲ್ಲ

ಬಟ್ಟೆ ಮೇಲಿನ ಧೂಳು ಹೊಡೆಯಲು ಕೂಡ ಈ ಗಾಳಿಯನ್ನು ಮೈಗೆ ಬಿಡಬಾರದು. ಕಣ್ಣು, ಕಿವಿ ಹಾಳಾಗುತ್ತವೆ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಅಂಗಡಿಯೊಂದರಲ್ಲಿ ಸ್ನೇಹಿತ ತಮಾಷೆಗೆ ದೇಹದೊಳಗೆ ಗಾಳಿ ಬಿಟ್ಟ. ಕರುಳು ಹರಿದು ಯುವಕ ತೀರಿಹೋದ. ಒಂದು ಗಳಿಗೆಯ ತಮಾಷೆ, ಹೆತ್ತವರಿಗೆ ಬಾಳೆಲ್ಲ ದುಃಖ. ಈ ಮಾತನ್ನು ನಿಮ್ಮ ಮಕ್ಕಳಿಗೆ, ಅಂಗಡಿಗೆ ಬರುವ ಹುಡುಗರಿಗೆ ನಾಚಿಕೆ ಪಡದೆ ಹೇಳಿ. ಲಾರಿ ಚಕ್ರಕ್ಕೆ ಗಾಳಿ ತುಂಬುವಾಗ ಎದುರಿಗೆ ನಿಲ್ಲಬಾರದು. ಕಬ್ಬಿಣದ ಬಳೆ ಹಾರಿ ಬಡಿಯಬಹುದು.

ಹೆಬ್ಬೆಟ್ಟು ಬೇಡ, ಓದಿ ಸಹಿ ಹಾಕಿ

ಸಾಲದ ಕಾಗದದಲ್ಲಿ ಮೂರು ಸಂಗತಿ ಹುಡುಕಿ. ಸಾಲ ಎಷ್ಟು? ಬಡ್ಡಿ ಎಷ್ಟು? ಎಷ್ಟು ಕಂತು? 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಶಿಶು ಸಾಲ ಎಂದು 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಉಂಟು. ಬ್ಯಾಂಕಿನಲ್ಲಿ ಕೇಳಿ ನೋಡಿ. ಅಂಗಡಿಯವರಿಂದ ಬಿಲ್ಲು, ಗ್ಯಾರಂಟಿ ಕಾರ್ಡು ಕೇಳಿ ಪಡೆಯಿರಿ. ಜೋಪಾನವಾಗಿ ಎತ್ತಿಡಿ.

"ಗಂಡಸರ ಕೆಲಸ, ನಮಗ್ಯಾಕೆ?" ಅನ್ನಬೇಡಿ. ಮಗ ಊಟಕ್ಕೆ ಹೋದಾಗ ಗಾಡಿಗೆ ಗಾಳಿ ಹಿಡಿಯುವವರು ನೀವೇ ತಾನೇ? ನಾವೆಲ್ಲ ಅಂಕಿ ಕಲಿತದ್ದು ಪುಸ್ತಕದಲ್ಲಿ ಇಡೋಕಲ್ಲ. ಇವತ್ತು ಸಂಜೆ ನಿಮ್ಮ ಬೀದಿಯ ಗಾಳಿ ಮಿಷನ್ ಹತ್ತಿರ ಹೋಗಿ. ಮುಳ್ಳು ಎಲ್ಲಿದೆ, ಓದಿ. ನೀರು ಬಿಟ್ಟಿದ್ದಾರಾ, ಕೇಳಿ. ನಾಳೆ ಬಂದು ನಮಗೆಲ್ಲ ಹೇಳಿ.