ಕಾಲಿನ ಹುಣ್ಣಿಗೆ ಬರೀ ಮುಲಾಮು ಸಾಲದು, ಸ್ಕ್ಯಾನ್ ಮಾಡಿಸಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)



ವಿದ್ಯಾರ್ಥಿವೇತನದ ಸಭೆಯಲ್ಲಿ ಕಾಲಿನ ನರದ ಮಾತೇಕೆ ಎಂದು ನೀವು ಕೇಳಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ಬಿಸಿನೀರಿನ ಬೇಸಿನ್ ಮುಂದೆ ದಿನವಿಡೀ ನಿಲ್ಲುವವರಿದ್ದಾರೆ. ಚಿಂತಾಮಣಿಯ ಮಂಡಿಯಲ್ಲಿ, ಗೌರಿಬಿದನೂರಿನ ಮಗ್ಗದ ಮುಂದೆ, ಚಿಕ್ಕಬಳ್ಳಾಪುರದ ಹೋಟೆಲ್ ಒಲೆಯ ಬಳಿಯೂ ನಿಂತೇ ದುಡಿಯುವವರಿದ್ದಾರೆ. ತಾಯಿಯ ಕಾಲು ಊದಿ, ಹುಣ್ಣಾಗಿ, ಆಕೆ ಮನೆಯಲ್ಲಿ ಕುಳಿತರೆ ಬೇಸಿನ್ ಮುಂದೆ ಹೋಗಿ ನಿಲ್ಲುವುದು ಪಿಯುಸಿ ಓದುತ್ತಿರುವ ಮಗಳು. ನೀವು ಕೊಟ್ಟ, ನಾವು ತಲುಪಿಸಿದ ಶುಲ್ಕದ ಹಣ ಅಲ್ಲಿಗೆ ನಿಂತುಹೋಗುತ್ತದೆ.

ನಾವು 'ನರ ಉಬ್ಬಿದೆ' ಎನ್ನುತ್ತೇವೆ. ನಿಜವಾಗಿ ಉಬ್ಬುವುದು ನರವಲ್ಲ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ಅಭಿಧಮನಿ. ಪಾದದಿಂದ ಎದೆಯವರೆಗೆ ರಕ್ತ ಮೇಲೇರಬೇಕು. ಮೀನಖಂಡ ಅದನ್ನು ಪಂಪಿನಂತೆ ಒತ್ತಿ ಏರಿಸುತ್ತದೆ. ಒಳಗಿನ ಪುಟ್ಟ ಕವಾಟಗಳು ಏರಿದ್ದನ್ನು ಇಳಿಯಲು ಬಿಡುವುದಿಲ್ಲ. ಕವಾಟ ಸಡಿಲವಾದರೆ ರಕ್ತ ಕೆಳಕ್ಕೆ ಜಾರಿ ನಿಲ್ಲುತ್ತದೆ. ಸಂಜೆ ಹೊತ್ತಿಗೆ ಭಾರ, ಊತ, ಕೆಲವರಿಗೆ ತುರಿಕೆ. ಆಮೇಲೆ ಕಣಕಾಲಿನ ಒಳಬದಿ ಕಪ್ಪಾಗುತ್ತದೆ, ಕೊನೆಗೆ ಹುಣ್ಣು. ನಿಂತು ದುಡಿಯುವುದೊಂದೇ ಕಾರಣವಲ್ಲ. ವಂಶ, ಹೆರಿಗೆಗಳು, ಮೈತೂಕ ಎಲ್ಲವೂ ಸೇರುತ್ತವೆ. ಇಂಥ ಹುಣ್ಣಿಗೆ ಅರಿಶಿನ ಹಚ್ಚಿ, ಮುಲಾಮು ಬದಲಿಸಿ ವರ್ಷಗಟ್ಟಲೆ ಕಳೆಯುವವರಿದ್ದಾರೆ. ಕಾರಣ ಒಳಗಿರುವಾಗ ಚರ್ಮದ ಮೇಲೆ ಎಷ್ಟು ಹಚ್ಚಿದರೂ ಅಷ್ಟೇ.

ಒಳಗನ್ನು ತೋರಿಸುವುದು ಡಾಪ್ಲರ್ ಅಲ್ಟ್ರಾಸೌಂಡ್. ಗೌರಿಬಿದನೂರಿನವರಿಗೆ ಇದನ್ನು ವಿವರಿಸುವುದು ಸುಲಭ. ರೈಲು ಹತ್ತಿರ ಬರುವಾಗ ಹಾರ್ನಿನ ಸ್ವರ ಏರಿರುತ್ತದೆ, ದಾಟಿ ಹೋಗುವಾಗ ಇಳಿಯುತ್ತದೆ. ಈ ವ್ಯತ್ಯಾಸದ ನಿಯಮವನ್ನು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಹೇಳಿದರು. ನಮ್ಮ ಕಿವಿಗೆ ಕೇಳದ ಶಬ್ದವನ್ನು ಯಂತ್ರ ಕಾಲಿನೊಳಗೆ ಕಳಿಸಿ, ಹರಿಯುವ ರಕ್ತದಿಂದ ಮರಳಿದ ಪ್ರತಿಧ್ವನಿಯ ವ್ಯತ್ಯಾಸ ಅಳೆಯುತ್ತದೆ. ರಕ್ತ ಯಾವ ಕಡೆಗೆ ಹರಿಯುತ್ತಿದೆ ಎಂಬುದು ಪರದೆಯ ಮೇಲೆ ಕೆಂಪು, ನೀಲಿಯಾಗಿ ಕಾಣುತ್ತದೆ. ಚುಚ್ಚುವುದಿಲ್ಲ, ಎಕ್ಸ್‌ರೇ ಕಿರಣವಿಲ್ಲ, ಕಾಲಿನ ಪರೀಕ್ಷೆಗೆ ಉಪವಾಸವೂ ಬೇಡ.

ಕವಾಟದ ಪರೀಕ್ಷೆಯನ್ನು ಸಾಮಾನ್ಯವಾಗಿ ರೋಗಿಯನ್ನು ನಿಲ್ಲಿಸಿ ಮಾಡುತ್ತಾರೆ, ಏಕೆಂದರೆ ನಿಂತಾಗಲೇ ಸೋರಿಕೆ ಸರಿಯಾಗಿ ಕಾಣುವುದು. ವೈದ್ಯರು ಮೀನಖಂಡವನ್ನು ಹಿಂಡಿ ಬಿಡುತ್ತಾರೆ. ಚರ್ಮದಡಿಯ ಅಭಿಧಮನಿಯಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಎಂದು ಲೆಕ್ಕ. ತೊಡೆಯ ಒಳಬದಿಯ ಉದ್ದನೆಯ ನಾಳವೋ, ಮೀನಖಂಡದ ಹಿಂದಿನದೋ, ಆಳದ ನಾಳ ತೆರೆದಿದೆಯೋ ಮುಚ್ಚಿದೆಯೋ ಎಂಬ ನಕ್ಷೆ ಹೀಗೆ ಸಿಗುತ್ತದೆ. ಈ ನಕ್ಷೆ ಇಲ್ಲದೆ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ ಎಂಬುದು ನಮ್ಮ ಸಲಹೆ. ಆಳದ ನಾಳ ಮುಚ್ಚಿದ್ದರೆ ಮೇಲಿನದೇ ರಕ್ತದ ದಾರಿಯಾಗಿರಬಹುದು.

ಚಿಕಿತ್ಸೆಯಲ್ಲೂ ಇದೇ ಯಂತ್ರ ದಾರಿ ತೋರಿಸುತ್ತದೆ. ಪರದೆ ನೋಡುತ್ತಲೇ ತೆಳುವಾದ ನಳಿಗೆಯನ್ನು ಕೆಟ್ಟ ನಾಳದೊಳಗೆ ಇಳಿಸಿ, ಸುತ್ತಲೂ ಮರಗಟ್ಟಿಸುವ ಔಷಧಿ ತುಂಬಿ, ಲೇಸರ್ ಅಥವಾ ರೇಡಿಯೋ ತರಂಗದ ಕಾವಿನಿಂದ ಅದನ್ನು ಮುಚ್ಚುತ್ತಾರೆ. ಅನೇಕರು ಅದೇ ದಿನ ನಡೆದು ಮನೆಗೆ ಹೋಗುತ್ತಾರೆ. ಎಲ್ಲರಿಗೂ ಲೇಸರ್ ಬೇಕಿಲ್ಲ. ಬಿಗಿ ಪಟ್ಟಿ, ನಡಿಗೆ, ಮಲಗುವಾಗ ಕಾಲು ಎತ್ತರಿಸುವುದು ಕೆಲವರಿಗೆ ಸಾಕಾಗಬಹುದು. ಆದರೆ ಸಕ್ಕರೆ ಕಾಯಿಲೆಯವರು ಕಾಲಿಗೆ ರಕ್ತ ಇಳಿಸುವ ಅಪಧಮನಿ ಚೆನ್ನಾಗಿದೆಯೇ ಎಂದು ತೋರಿಸಿಕೊಳ್ಳದೆ ಅಂಗಡಿಯಿಂದ ಬಿಗಿ ಪಟ್ಟಿ ತಂದು ಕಟ್ಟಿಕೊಳ್ಳಬಾರದು.

ಒಂದು ಮಾತನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಹೆರಿಗೆಯ ನಂತರವೋ, ಆಪರೇಷನ್ ಆದ ಮೇಲೋ ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ಕ್ಯಾನಿನ ಹಿಡಿಕೆಯಿಂದ ಒತ್ತಿದಾಗ ಒಳ್ಳೆಯ ಅಭಿಧಮನಿ ಚಪ್ಪಟೆಯಾಗುತ್ತದೆ. ರಕ್ತ ಹೆಪ್ಪುಗಟ್ಟಿದ್ದರೆ ಆಗುವುದಿಲ್ಲ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅಂಥ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬೇಡಿ.

ನಮ್ಮ ವೈದ್ಯಕೀಯ ಶಿಬಿರಕ್ಕೇ ಯಂತ್ರ ತರಿಸಬಾರದೇ ಎಂದು ದಾನಿಗಳು ಕೇಳುತ್ತಾರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಅಲ್ಟ್ರಾಸೌಂಡ್ ಯಂತ್ರಕ್ಕೂ ಕೇಂದ್ರಕ್ಕೂ ನೋಂದಣಿ ಕಡ್ಡಾಯ, ಬೇಕಾದಲ್ಲಿಗೆ ಹೊತ್ತೊಯ್ಯುವಂತಿಲ್ಲ. ಕಾಯ್ದೆ ಸರಿಯಾಗಿಯೇ ಇದೆ. ಆದ್ದರಿಂದ ರೋಗಿಯೇ ಕೇಂದ್ರಕ್ಕೆ ಹೋಗಬೇಕು. ಆ ಸ್ಕ್ಯಾನಿನ ಶುಲ್ಕ, ಬಸ್ ಚಾರ್ಜು, ಒಂದು ದಿನದ ಕೂಲಿ, ಈ ಮೂರಕ್ಕೆ ನಿಮ್ಮ ನೆರವು ಕೇಳುತ್ತಿದ್ದೇವೆ.

ಇಮೇಜಿಂಗ್ ಟೆಕ್ನಾಲಜಿ ಓದಲು ಅರ್ಜಿ ಹಾಕುವ ಮಕ್ಕಳಿಗೂ ಒಂದು ಮಾತು. ನಮ್ಮಲ್ಲಿ ಅಲ್ಟ್ರಾಸೌಂಡ್ ಮಾಡಿ ವರದಿ ಕೊಡುವುದು ವೈದ್ಯರ ಕೆಲಸ. ಟೆಕ್ನಾಲಜಿಸ್ಟರಿಗೆ ಎಕ್ಸ್‌ರೇ, ಸಿಟಿ, ಎಂಆರ್‌ಐ ವಿಭಾಗಗಳಲ್ಲಿ ಉದ್ಯೋಗವಿದೆ. ಇದನ್ನು ತಿಳಿದೇ ಕೋರ್ಸ್ ಆರಿಸಿ. ಪದವಿಯಾದರೆ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಮಾನ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ.

ಮನೆಯಲ್ಲಿ ವಾಸಿಯಾಗದ ಕಾಲಿನ ಹುಣ್ಣಿರುವವರಿದ್ದರೆ ವಿದ್ಯಾರ್ಥಿವೇತನದ ಅರ್ಜಿಯ ಜೊತೆಗೆ ಹಳೆಯ ಚೀಟಿಗಳನ್ನೂ ತನ್ನಿ. ವೈದ್ಯರು ಡಾಪ್ಲರ್ ಬರೆದಿದ್ದರೆ ಆ ಚೀಟಿ ಮೇಲಿರಲಿ.